ದಪ್ಪ ಅಕ್ಷರದ ಗೌಡರು

ಪಾಂಡವಪುರದ ಅಕ್ಕಿ ಗಿರಣಿಯ ಮರಿಲಿಂಗೇಗೌಡರಿಗೆ ಅಕ್ಕಿಯೊಳಗಿನ ಕಲ್ಲು ಮಾರು ದೂರದಿಂದಲೇ ಕಾಣುತ್ತದೆ. ತೊಂಬತ್ತೇಳನೇ ಇಸವಿಯಲ್ಲಿ ಗಿರಣಿಗೆ ಕಂಪ್ಯೂಟರ್ ಬಂದಾಗ, ಅದಕ್ಕೆ ಯಾವ ಸಾಫ್ಟ್‌ವೇರ್ ಹಾಕಿಸುವುದೆಂದು ಅವರು ವರ್ಷವಿಡೀ ಆರಿಸಿದರು. ಹತ್ತು ಗಿರಣಿ ನಡೆಸಬಲ್ಲ ದೊಡ್ಡದನ್ನು ತಂದ ಬೆಂಗಳೂರಿನವರಿಗೂ, ಒಂದು ಗಿರಣಿಗಷ್ಟೇ ಸಾಕಾಗುವುದನ್ನು ತಂದ ಮೈಸೂರಿನವರಿಗೂ ಮುದ್ದೆ ಊಟ ಹಾಕಿಸಿ, ಎರಡು ಗಂಟೆ ತಲೆಯಾಡಿಸಿ, ಕೊನೆಗೆ ಕೇಳಿದ್ದು ಒಂದೇ: “ಅದೆಲ್ಲಾ ಸರಿ ಕಣಪ್ಪ, ಅಕ್ಸರ ದಪ್ಪ ಆಯ್ತವಾ?” ಬೆಂಗಳೂರಿನವರು ನಕ್ಕರು, ಗಿರಣಿಯಲ್ಲಿ ಕೆಲಸಕ್ಕಿದ್ದ ನಾನೂ ನಕ್ಕೆ. ಮೈಸೂರಿನವರು ಅಕ್ಷರಗಳನ್ನು ಬೆರಳಷ್ಟು ದಪ್ಪ ಮಾಡಿ ತೋರಿಸಿದರು. ಗೌಡರು ಅದನ್ನೇ ಹಾಕಿಸಿದರು. ಹಳೆಯ ಗುಮಾಸ್ತ ಸುಭಾನ್ ಸಾಹೇಬರು ತಮ್ಮ ಮಂಜಾದ ಕಣ್ಣನ್ನು ಎಲ್ಲರಿಂದ ಮುಚ್ಚಿಟ್ಟು ಪುಸ್ತಕಕ್ಕೆ ಮೂಗು ತಾಗಿಸಿ ದಾಸ್ತಾನು ಬರೆಯುತ್ತಿದ್ದರು. ಗೌಡರು ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಹೇಳಿದರು: “ನನ್ ಕಣ್ಣು ಮಂಜಾಗ್ಬುಟ್ಟದೆ ಸಾಬ್ರೆ, ಅದ್ಕೇ ದಪ್ಪ ಅಕ್ಸರದ್ದು ತಕ್ಕಂಡೆ. ನೀವೇ ವಸಿ ಸಯಿಸ್ಕಳಿ.”