ತುಳಸಿ ಕಟ್ಟೆಯ ಪುದೀನಾ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ನಾಯಿಯ ಕಿವಿಯೊಳಗಿನ ಉಣ್ಣಿ ಕಿತ್ತು, ಬಚ್ಚಲ ಕಲ್ಲಿನ ಮೇಲಿಟ್ಟು, ಆ ಉಗುರಿನಿಂದಲೇ ಪಟ್ಟನೆ ಒತ್ತಿ ಸಾಯಿಸುತ್ತಿದ್ದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅದೇ ಬೆರಳಿನಿಂದ ಪುದೀನಾ ಚಿವುಟುತ್ತಿದ್ದಳು. ಥೂ!

ಬೈಲಹೊಂಗಲದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಕಿ ಆಕೆ. ಓಣಿಯವರೆಲ್ಲ ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮುಂದಿನ ಎರಡು ಕೋಣೆ ನಮ್ಮವು, ಹಿಂದಿನದು ಆಯಿಯದು, ಹಿತ್ತಲು ಇಬ್ಬರದೂ ಅಂತ ಮಾತಾಗಿತ್ತು. ಎಲ್ಲಿಯ ಇಬ್ಬರದು! ಅದು ಒಂದು ಕೆಂಚು ನಾಯಿ ಮತ್ತು ಎರಡು ಬೆಕ್ಕುಗಳ ರಾಜ್ಯ. ಬಚ್ಚಲ ನೀರು ಹರಿಯುವಲ್ಲಿ ಪುದೀನಾ ದಟ್ಟವಾಗಿ ಹಬ್ಬಿತ್ತು. ಬೆಳಗಾದರೆ ಸಾಕು, ನಾಯಿ ಸೀದಾ ಹೋಗಿ ಅದರ ಮೇಲೆ ಕಾಲೆತ್ತುತ್ತಿತ್ತು. ಪಕ್ಕದ ಮೆತ್ತನೆಯ ಮಣ್ಣು ಬೆಕ್ಕುಗಳ ಪಾಯಖಾನೆ.

ಆ ಪುದೀನಾದ ಚಟ್ನಿ ವಾರಕ್ಕೊಮ್ಮೆ ಬಟ್ಟಲು ತುಂಬ ನಮ್ಮ ಮನೆಗೆ ಬರುತ್ತಿತ್ತು. ನಾನು ಮುಖ ಸಿಂಡರಿಸಿದರೆ ನನ್ನ ಗಂಡ ರೊಟ್ಟಿಗೆ ಹಚ್ಚಿಕೊಂಡು ಬೆರಳು ನೆಕ್ಕುತ್ತಿದ್ದರು.

"ನಾಯಿ ಉಚ್ಚಿ ಹೊಯ್ದದ್ದರಿ ಅದು!" ಎಂದು ನಾನಂದರೆ, ಹಿಂದಿನ ಕೋಣೆಯಿಂದಲೇ ಆಯಿಯ ಉತ್ತರ ಬರುತ್ತಿತ್ತು: "ತೊಳದ್ರ ಹೋಗತೈತಿ ತಗೊ!"

ಆಯಿಯ ಬಾಯಲ್ಲಿ ಎಲ್ಲದಕ್ಕೂ ಇದೇ ಮಾತು. ಬೆಕ್ಕು ಬಾಯಿ ಹಾಕಿದ ಹಾಲಿನ ಪಾತ್ರೆಗೂ ಇದೇ, ನಾಯಿ ಮಲಗೆದ್ದ ಕೌದಿಗೂ ಇದೇ. ಆಕೆಗೆ ಹೇಸಿಗೆ ಅನ್ನುವುದೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ನಾನು ಬಸುರಾದೆ. ಮೊದಲನೆಯದು ನಿಂತಿರಲಿಲ್ಲ, ಇದು ಎರಡನೆಯದು. ಮೂರನೇ ತಿಂಗಳಿಗೆ ಕುಡಿದ ನೀರೂ ವಾಪಸ್ ಬರತೊಡಗಿತು. ಒಗ್ಗರಣೆ, ಸಾಬೂನು, ಗಂಡನ ತಲೆಯೆಣ್ಣೆ, ಎಲ್ಲದರ ವಾಸನೆಗೂ ವಾಕರಿಕೆ. ಹೊಟ್ಟೆಯಲ್ಲಿ ಏನಾದರೂ ನಿಲ್ಲಲೇಬೇಕು, ಇಲ್ಲದಿದ್ದರೆ ಕೂಸಿಗೆ ಕಷ್ಟ ಎಂದು ಡಾಕ್ಟರಮ್ಮ ಖಡಕ್ಕಾಗಿ ಹೇಳಿದ್ದರು. ಹಾಳು ನಾಲಿಗೆ ಬಯಸಿದ್ದು ಮಾತ್ರ ಪುದೀನಾವನ್ನೇ! ಗಂಡ ಪೇಟೆಯಿಂದ ತಂದರು. ಬಾಡಿ ಕಪ್ಪಾಗಿತ್ತು, ಅದರ ನಾತಕ್ಕೇ ಕಾರಿಕೊಂಡೆ. ತಾಜಾ ಎಲೆ ಬೇಕೆಂದರೆ ಹಿತ್ತಲೇ ಗತಿ. ಮನಸ್ಸು ಗಟ್ಟಿ ಮಾಡಿಕೊಂಡು ಹಿತ್ತಲ ಬಾಗಿಲಿಗೆ ಹೋದೆ. ನನ್ನ ಕಣ್ಣೆದುರೇ ನಾಯಿ ಕಾಲೆತ್ತಿತು. ನಾನು ಅಲ್ಲೇ ವಾಂತಿ ಮಾಡಿಕೊಂಡೆ.

ಆಯಿ ಓಡಿಬಂದು ನನ್ನ ಹಣೆ ಹಿಡಿದಳು. ಅರ್ಧ ಆಕೆಯ ಸೀರೆಯ ಮೇಲೆ, ಅರ್ಧ ಪಾದದ ಮೇಲೆ ಬಿತ್ತು. ನನ್ನ ಗಂಡನೂ ಆತನಕ ಮುಖ ಆಚೆ ತಿರುಗಿಸಿಕೊಂಡೇ ನನಗೆ ಬೋಗುಣಿ ಹಿಡಿಯುತ್ತಿದ್ದರು. ಆಯಿ ಮುಖ ತಿರುಗಿಸಲಿಲ್ಲ. ನನ್ನನ್ನು ಕೂಡಿಸಿ, ಬೂದಿ ಹಾಕಿ, ಬರಿಗೈಯಿಂದ ಎಲ್ಲ ಬಳಿದಳು.

"ಏನ ತಿನ್ನಬೇಕ ಅನಸತೈತಿ, ಹೇಳವ್ವಾ."

"ಪುದೀನಾರಿ ಆಯೀ. ಆದ್ರ ಅದು ಬ್ಯಾಡ್ರಿ, ನಾಯಿ..." ಎಂದು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ನೋಡಿದರೆ ಅಂಗಳದ ತುಳಸಿ ಕಟ್ಟೆಯಲ್ಲಿ ಪುದೀನಾ! ಎದೆಯೆತ್ತರದ ಕಟ್ಟೆ, ನಾಯಿಗೆ ಎಟುಕುವುದಿಲ್ಲ. ಹಳೆಯ ಬೇರುಗಳನ್ನು ಹತ್ತು ನೀರಲ್ಲಿ ತೊಳೆದು ತುಳಸಿಯ ಸುತ್ತ ಹೊಸ ಮಣ್ಣಿಗೆ ಹಚ್ಚಿದ್ದಳು. ಎದುರು ಮನೆಯಾಕೆ ಗಲ್ಲಕ್ಕೆ ಕೈ ಹಚ್ಚಿ ನಿಂತಳು. "ಅಯ್ಯ ಶಿವನ! ತುಳಸಿ ಕಟ್ಟ್ಯಾಗ ಪುದೀನಾ ಹಚ್ಚತಾರೇನ್ರಿ ಆಯೀ? ದೇವರ ಏನಂದಾನು?"

"ದೇವರಿಗೇನ ವಾಂತಿ ಆಗೂದಿಲ್ಲ. ಇಕಿಗೆ ಆಗತೈತಿ," ಅಂದಳು ಆಯಿ.

ಆದರೆ ಬೆಕ್ಕಿಗೆ ಎಷ್ಟೆತ್ತರದ ಕಟ್ಟೆಯಾದರೇನು? ಎರಡೇ ದಿನದಲ್ಲಿ ಹೋಗಿ ಪುದೀನಾದೊಳಗೆ ಆರಾಮಾಗಿ ಮಲಗಿತ್ತು. ಅಂದಿನಿಂದ ಆಯಿ ಮಂಡಿನೋವು ಇಟ್ಟುಕೊಂಡು ಕಟ್ಟೆಯ ಬುಡದಲ್ಲಿ ಗೋಣಿಚೀಲ ಹಾಸಿ, ಕೋಲು ಹಿಡಿದು ಕುಂತಳು. ಹೊತ್ತು ಮುಳುಗಿದ ಮೇಲೆ ಕಟ್ಟೆಗೆ ಬುಟ್ಟಿ ಬೋರಲು ಹಾಕಿ ಏಳುತ್ತಿದ್ದಳು. ಎಲೆ ಚಿಗುರಿದಾಗ ನನ್ನೆದುರೇ ಉಗುರು ಕತ್ತರಿಸಿ, ಸಾಬೂನು ಹಚ್ಚಿ ತೊಳೆದು, ಹತ್ತೂ ಬೆರಳು ಚಾಚಿ ತೋರಿಸಿದಳು. "ಈಗರೆ ಆತಿಲ್ಲೋ, ಸಾಹೇಬರ?"

ಪುದೀನಾ, ಲಿಂಬೆ, ಒಂದು ಹರಳು ಉಪ್ಪು. ಕಣ್ಣು ಮುಚ್ಚಿ ಕುಡಿದೆ. ಆಯಿ ಎದುರು ಕುಂತು ನನ್ನ ಗಂಟಲನ್ನೇ ನೋಡುತ್ತಿದ್ದಳು. ಮಧ್ಯಾಹ್ನದವರೆಗೂ ಅದು ನಿಂತಿತು. ಸಂಜೆಗೆ ಮಜ್ಜಿಗೆ ಅನ್ನವೂ ನಿಂತಿತು. ಏಳನೇ ತಿಂಗಳ ಹೊತ್ತಿಗೆ ಪುದೀನಾ ಹಬ್ಬಿ ಹಬ್ಬಿ ತುಳಸಿಯನ್ನೇ ನುಂಗಿತ್ತು. ಒಣಗಿದ ಕಡ್ಡಿಯನ್ನು ಕಿತ್ತು ಆಯಿ ಕೈಮುಗಿದಳು, ಮತ್ತೆ ನನಗಾಗಿ ಎಲೆ ಚಿವುಟಿದಳು. ದಿನ ತುಂಬಿ ನನಗೆ ಮಗಳು ಹುಟ್ಟಿದಳು.

ನನಗೆ ತಡವಾಗಿ ಹೊಳೆಯಿತು. ಉಣ್ಣಿ ಒತ್ತಿದ ಆ ಕೈಯೇ ನನ್ನ ವಾಂತಿ ಬಳಿದಿತ್ತು. ನನ್ನಂಥ ಮಡಿವಂತೆಯೊಬ್ಬಳು ಮಾಲಕಿಯಾಗಿದ್ದರೆ ದೂರ ನಿಂತು ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಹೋದ ವರ್ಷ, ಆಯಿ ತೀರಿಕೊಳ್ಳುವ ಕೆಲವೇ ದಿನ ಮೊದಲು, ಯರಗಟ್ಟಿಯಲ್ಲಿದ್ದ ಮಗಳ ಮನೆಗೆ ಆಕೆಯನ್ನು ನೋಡಲು ಹೋಗಿದ್ದೆ. ಮಗಳು ಔಷಧಿ ತರಲು ಹೋಗಿದ್ದಳು. ಆಯಿ ಹಾಸಿಗೆಯಲ್ಲೇ ಎಲ್ಲ ಮಾಡಿಕೊಂಡಿದ್ದಳು. ನಾತ ಬಾಗಿಲಿಗೇ ಹೊಡೆಯಿತು. ಮಗಳು ಬರಲಿ ಎಂದು ಹೊರಗೆ ಕೂಡಬಹುದಿತ್ತು, ಕಾಲು ಒಪ್ಪಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹಾಸಿಗೆ ಎಳೆದೆ, ಮೈ ಒರೆಸತೊಡಗಿದೆ. ಅರ್ಧಕ್ಕೇ ಹೊಟ್ಟೆ ಕಿತ್ತು ಬಂತು. ಹಿತ್ತಲಿಗೆ ಓಡಿ ಓಣಿಗೆಲ್ಲ ಕೇಳುವಂತೆ ವಾಂತಿ ಮಾಡಿದೆ. ಬಾಯಿ ತೊಳೆದು, ಒಳಗೆ ಬಂದು ಉಳಿದದ್ದನ್ನು ಒರೆಸಿದೆ. ಹೇಸಿಗೆ ಮಾತ್ರ ಹೋಗಿರಲಿಲ್ಲ.

ಆಯಿ ಕಣ್ಣು ತೆರೆಯಲಿಲ್ಲ. ತುಟಿಯ ಮೂಲೆ ಮಾತ್ರ ಅಲುಗಿತು.

"ಎಷ್ಟನೇ ತಿಂಗಳವ್ವಾ?" ಎಂದು ಕೇಳಿದಳು.