ಮುಂದಿನ ಚಕ್ರದ ಕುಂಕುಮ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಮೆಲ್ಬರ್ನ್‌ನ ಅಂಚಿನ ಒಂದು ಹ್ಯಾಂಗರ್‌ನಲ್ಲಿ ನಾವು ಆರು ಸೀಟಿನ ವಿಮಾನವೊಂದನ್ನು ಕಟ್ಟಿದೆವು. ಕಂಪನಿಗಳ ದೊಡ್ಡವರನ್ನು ದೂರದ ಗಣಿ ಊರುಗಳಿಗೆ ಕರೆದೊಯ್ಯಲು ಇನ್ನು ಮುಂದೆ ಇಂಥ ಪುಟ್ಟ ವಿಮಾನಗಳೇ ಬೇಕಾಗುತ್ತವೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಅಥವಾ ಆ ಕಾಲ ಆಗಲೇ ಮುಗಿದಿತ್ತು, ನಮಗೆ ಗೊತ್ತಾಗಿರಲಿಲ್ಲ. ವಿನ್ಯಾಸದ ಮುಖ್ಯಸ್ಥರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದು ಬಂದವರು. ನಾನು ಅವರ ಕೈಕೆಳಗಿದ್ದೆ. ಅಂಕಲ್ ಎಂದು ಕರೆಯುತ್ತಿದ್ದೆ.

ಕೊಳ್ಳುವವನು ಒಬ್ಬನಾದರೂ ಸಿಗದಿದ್ದರೆ ಹ್ಯಾಂಗರ್ ಮುಚ್ಚುವುದೆಂದು ತೀರ್ಮಾನವಾಗಿತ್ತು. ಕೊನೆಗೆ ಸಿಡ್ನಿಯಿಂದ ಬಾಡಿಗೆ ವಿಮಾನಗಳ ಮಾಲೀಕನೊಬ್ಬ ನೋಡಲು ಬರುತ್ತೇನೆಂದ. ಅವನು ಬರುವ ಹಿಂದಿನ ದಿನ ಆಯುಧಪೂಜೆ. ಅಂಕಲ್ ಪ್ರೊಪೆಲರ್‌ಗೆ ಹೂವು ಕಟ್ಟಿದರು, ಮುಂದಿನ ಚಕ್ರದ ಕಾಲಿಗೆ ಕುಂಕುಮ ಕಲಸಿ ದಪ್ಪಗೆ ಹಚ್ಚಿದರು.

"ಅಂಕಲ್, ನಾಳೆ ಅವ್ನು ಬರೋಷ್ಟರಲ್ಲಿ ಒರೆಸಿಬಿಡ್ಲಾ?"

"ಇಟ್ಟ ಕುಂಕುಮ ಒರೆಸ್ತಾರೇನೋ ಯಾರಾದ್ರೂ? ಯೂನಿವರ್ಸಿಟೀಲಿ ಇದನ್ನೇ ಕಲ್ತಿದ್ದಾ?"

ಬೆಳಿಗ್ಗೆ ವಿಮಾನವನ್ನು ಹೊರಗೆ ತಳ್ಳಿ ನಿಲ್ಲಿಸಿದೆವು. ತುಂತುರು ಮಳೆ. ಸಿಡ್ನಿಯವನು ಬಂದವನೇ ಮುಂದಿನ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತ. ಕುಂಕುಮ ಕರಗಿ ಚಕ್ರದ ಕಾಲಿನುದ್ದಕ್ಕೂ ಇಳಿದಿತ್ತು. ನೆಲಕ್ಕಿಳಿಯುವ ಹೊಡೆತ ತಾಳಲು ಆ ಕಾಲಿನೊಳಗೆ ತುಂಬುವ ಎಣ್ಣೆಯ ಬಣ್ಣವೂ ಕೆಂಪೇ.

"ಹೊಸಾ ವಿಮಾನ, ಆಗಲೇ ಸೋರ್ತಿದೆಯಲ್ಲ!" ಎಂದ ಇಂಗ್ಲಿಷಿನಲ್ಲಿ.

ಅಂಕಲ್ ಕಿವಿಯವರೆಗೂ ಕೆಂಪಾದರು. ತಡವರಿಸುತ್ತ ಪೂಜೆಯ ವಿಷಯ ವಿವರಿಸಿ, ಒರೆಸುವ ಬಟ್ಟೆ ತರಲು ಒಳಗೋಡಿದರು. ಅವನು ಆ ಕೆಂಪನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ ನಕ್ಕ. "ನನ್ನ ವಿಮಾನಗಳಿಗೂ ಒಂದು ಪೂಜೆ ಮಾಡಿಸಬೇಕು. ಬಾಡಿಗೆಗೆ ಕೇಳೋರಿಲ್ಲದೆ ನಿಂತಲ್ಲೇ ನಿಂತಿವೆ. ದೊಡ್ಡವರೆಲ್ಲ ಈಗ ಫ್ಯಾಕ್ಸ್ ಕಳಿಸಿ ಸುಮ್ಮನಾಗ್ತಾರೆ."

ಈ ಮಾತನ್ನು ಕೇಳಿದ್ದು ನಾನೊಬ್ಬನೇ. ನಿಜವಾಗಿ ಕೇಳಿದೆನೇ? ಆ ದಿನದ ನನ್ನ ಡೈರಿಯಲ್ಲಿ ಮಳೆ ಬಂತೆಂದಷ್ಟೇ ಇದೆ. ಅವನು ಹೋದ, ಮತ್ತೆ ಫೋನ್ ಮಾಡಲಿಲ್ಲ. ಕ್ರಿಸ್‌ಮಸ್‌ಗೆ ಮೊದಲೇ ಹ್ಯಾಂಗರ್ ಮುಚ್ಚಿತು. ವಿಮಾನವನ್ನು ಬಿಚ್ಚಿ ಬಿಡಿಭಾಗಗಳಾಗಿ ಒಯ್ದರು.

ಕೆಲವು ವರ್ಷಗಳ ನಂತರ ನಾನು ನಾರ್ತ್ ಸಿಡ್ನಿಯಲ್ಲಿ ಕಂಪ್ಯೂಟರ್ ಕೆಲಸ ಹಿಡಿದಿದ್ದೆ. ಅಂಕಲ್ ಅದೇ ಊರಿನಲ್ಲಿ ಮಗಳ ಮನೆಗೆ ಬಂದಿದ್ದರು. ಆಯುಧಪೂಜೆಯ ದಿನ ಹೋದಾಗ ಕಾರಿಗೆ ಹೂವು ಕಟ್ಟುತ್ತಿದ್ದರು. ತಟ್ಟೆಯಲ್ಲಿ ಕುಂಕುಮವಿರಲಿಲ್ಲ.

"ಯಾಕಂಕಲ್?"

"ಬೇಡ ಕಣೋ. ಯಾವ ಮೆಷೀನಿಗೂ ಹಚ್ಚಲ್ಲ ನಾನು. ಅವತ್ತು ಮುಳುಗಿಸಿದ್ದು ಅದೇ ತಾನೇ?"

"ಅಲ್ಲ ಅಂಕಲ್. ಅವ್ನಿಗೆ ವಿಮಾನಾನೇ ಬೇಕಿರ್ಲಿಲ್ಲ. ಅಂಥ ವಿಮಾನ ಆಗ ಯಾರಿಗೂ ಬೇಕಿರ್ಲಿಲ್ಲ."

ದಾರ ಹಿಡಿದ ಅವರ ಕೈ ನಿಂತಿತು. "ಯಾರಿಗೂ?"

ಆ ಮುಖವನ್ನು ನೋಡಲಾಗಲಿಲ್ಲ. "ನಂಗೆ ಸರಿಯಾಗಿ ನೆನಪಿಲ್ಲ," ಎಂದೆ. "ಕುಂಕುಮಾನೇ ಇರಬಹುದು."

"ಮತ್ತೆ? ವಿಮಾನದಲ್ಲಿ ಏನೂ ತಪ್ಪಿರ್ಲಿಲ್ಲ ಕಣೋ," ಎನ್ನುತ್ತ ಅವರು ಗಂಟು ಬಿಗಿದರು.

ನಾನು ಹಾಗೆ ಹೇಳಿದ ಮೇಲೆ ಸಿಡ್ನಿಯವನ ನಗುವೂ ಫ್ಯಾಕ್ಸಿನ ಮಾತೂ ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ.