ಮೂರನೆಯ ಸಂಜೆಯ ಗುಟುರು

ಒದ್ದೆಯಾದ ಉಣ್ಣೆಯೂ ಬಂದೂಕಿಗೆ ಹಚ್ಚುವ ಎಣ್ಣೆಯೂ ಕೂಡಿ ಹುಟ್ಟುವ ವಾಸನೆಯೊಂದಿದೆ. ಕಳೆದ ತಿಂಗಳು ಜರ್ಮನಿಯ ಎರ್ಲಾಂಗೆನ್‌ನಲ್ಲಿ ಮಳೆಗೆ ಸಿಕ್ಕಿ, ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಳೆಯ ಬಟ್ಟೆಗಳ ಅಂಗಡಿಯೊಂದಕ್ಕೆ ನುಗ್ಗಿದ್ದೆ. ಬೇಟೆಗಾರರು ತೊಡುವ ಹಸಿರು ಕೋಟೊಂದು ಮೂಗಿಗೆ ತಾಗುವಷ್ಟು ಹತ್ತಿರ ತೂಗುತ್ತಿತ್ತು. ಅಂಗಡಿಯವಳು ಏನು ಬೇಕೆಂದು ಎರಡು ಸಲ ಕೇಳಿದಳಂತೆ, ನನಗೆ ಕೇಳಿಸಲಿಲ್ಲ. ನಾನು ಯೇನಾ ಎಂಬ ಊರಿನ ಹೊರಗೆ, ಬೆಟ್ಟದಂಚಿನ ಮನೆಯೊಂದರ ಮೆಟ್ಟಿಲ ಮೇಲೆ ಒಂಬತ್ತು ವರ್ಷದವಳಾಗಿ ನಿಂತಿದ್ದೆ. ಕೆಳಗೆ ನೆಲಮಾಳಿಗೆಯಲ್ಲಿ ಹರಡಿಟ್ಟ ಸೇಬುಗಳ ವಾಸನೆ, ಮೇಲೆ ನಮ್ಮ ಅಡುಗೆಮನೆಯಿಂದ ಅವ್ವನ ಬೆಳ್ಳುಳ್ಳಿ ಒಗ್ಗರಣೆ, ನಡುವೆ ಗೋಡೆಯುದ್ದಕ್ಕೂ ಜಿಂಕೆಯ ಕೊಂಬುಗಳು. ಬಾಡಿಗೆಯ ಮನೆಯನ್ನು ಕಳೆದುಕೊಂಡೆ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೂ ಹೋದದ್ದು ಹೋದದ್ದೇ ಎಂದು ನಿಮಗೂ ಗೊತ್ತಿದ್ದೀತು.

ಅಪ್ಪ ಆಗ ಜರ್ಮನಿ ಹೊರದೇಶದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಬಂದ ಸಾಫ್ಟ್‌ವೇರ್ ಎಂಜಿನಿಯರ್. ಆಫೀಸಿನಲ್ಲಿ ಅವರಿಗೆ ಇಂಗ್ಲಿಷ್ ಸಾಕಾಗುತ್ತಿತ್ತು. ಅವ್ವ ಧಾರವಾಡದ ಕಾಲೇಜಿನಲ್ಲಿ ಎಂಟು ವರ್ಷ ಪ್ರಾಣಿಶಾಸ್ತ್ರ ಕಲಿಸಿದವಳು. ಇಲ್ಲಿ ಅವಳ ವೀಸಾದ ಕೆಳಗೆ, ಕೆಲಸಕ್ಕೆ ಅನುಮತಿಯಿಲ್ಲ ಎಂಬ ಸಾಲೊಂದಿತ್ತು. ವೀಸಾ ಕಚೇರಿಗೆ ಹೋದಾಗಲೆಲ್ಲ ತುಂಬಲು ಇನ್ನೊಂದು ಫಾರ್ಮುಲಾರ್ ಕೈಗೆ ಬರುತ್ತಿತ್ತು, ಆ ಸಾಲು ಮಾತ್ರ ಅಳಿಯುತ್ತಿರಲಿಲ್ಲ. ಜರ್ಮನ್ ಅವಳ ನಾಲಿಗೆಗೆ ಹತ್ತಲಿಲ್ಲ. ಪಾತ್ರೆ ತೊಳೆಯುತ್ತ, ಕಿಟಕಿಯಾಚೆ ಕೂರುವ ಹಕ್ಕಿಗಳ ಲ್ಯಾಟಿನ್ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದಳು, ಪರೀಕ್ಷೆಯಲ್ಲಿ ಯಾರನ್ನೋ ಫೇಲು ಮಾಡುವವಳ ದನಿಯಲ್ಲಿ. ಎರಡು ವರ್ಷದ ಶಾಲೆಯಿಂದ ನನಗೆ ಜರ್ಮನ್ ಬಂದಿತ್ತು. ಹಾಗಾಗಿ ಅಂಗಡಿ, ಆಸ್ಪತ್ರೆ, ಎಲ್ಲ ಕಡೆ ಅವಳ ಬಾಯಿ ನಾನೇ.

ಕೆಳಗಿನ ಮಹಡಿಯಲ್ಲಿದ್ದ ಮನೆಯೊಡತಿ ಫ್ರಾವ್ ವೈಡ್ನರ್ ಎಪ್ಪತ್ತು ದಾಟಿದ ಬೇಟೆಗಾರ್ತಿ. ಗಂಡ ತೀರಿದ ಮೇಲೂ ಅವಳು ಬಂದೂಕು ಬಿಟ್ಟಿರಲಿಲ್ಲ, ಕಿವಿಗಳು ಅವಳನ್ನು ಬಿಟ್ಟಿದ್ದವು. ನಮ್ಮ ಕಡವೆಯಷ್ಟು ದೊಡ್ಡ ಅಲ್ಲಿನ ಜಿಂಕೆಗಳು ಶರತ್ಕಾಲದಲ್ಲಿ ಬೆದೆಗೆ ಬರುತ್ತವೆ; ಆಗ ಗಂಡುಗಳು ಹೋರಿಯ ಹಾಗೆ ಗುಟುರು ಹಾಕುತ್ತವೆ. ಅವಳಿಗೆ ಆ ವರ್ಷ ಅಪ್ಪಣೆಯಿದ್ದದ್ದು ಒಂದೇ ಒಂದು ಮುದಿ ಗಂಡು ಜಿಂಕೆಯನ್ನು ಹೊಡೆಯಲು. ತಪ್ಪಿ ಎಳೆಯದನ್ನು ಹೊಡೆದರೆ ಪರವಾನಗಿಗೇ ಕುತ್ತು. ಮಬ್ಬಿನಲ್ಲಿ ದನಿಯಿಂದಲೇ ಗುರುತಿಸಬೇಕು. ಕಿವಿಯ ಯಂತ್ರ ಹಾಕಿಕೊಂಡರೆ ಹತ್ತಿರದ ಮಾತು ಕೇಳುತ್ತಿತ್ತು, ದೂರದಿಂದ ಬರೀ ಗಾಳಿ. ಒಂದು ಸಂಜೆ ಅವ್ವ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತ, ಕಾಡಿನ ಕಡೆಯಿಂದ ಬಂದ ಗುಟುರು ಕೇಳಿ, “ಎರಡು ಅದಾವ. ಒಂದು ಮುದುಕ, ಒಂದು ಹುಡುಗ” ಎಂದಳು. ನಾನು ಸುಮ್ಮನೆ ಅದನ್ನು ಜರ್ಮನ್‌ಗೆ ತಿರುಗಿಸಿದೆ. ಸೇಬು ಆರಿಸುತ್ತಿದ್ದ ಮುದುಕಿ ತಲೆಯೆತ್ತಿದಳು.

ಮರುದಿನ ಅವಳೇ ಮೇಲೆ ಬಂದಳು. “ನಿನ್ನ ತಾಯಿಯ ಕಿವಿ ನನಗೆ ಬೇಕು. ಇಲ್ಲಿನ ಅರಣ್ಯಾಧಿಕಾರಿಗೆ ಗುಟುರು ಕೇಳಿ ಎಣಿಸುವವರು ಬೇಕಾಗಿದ್ದಾರೆ. ಸಂಬಳವಿಲ್ಲ, ಆದರೆ ಕಾಗದದ ಮೇಲೆ ಅವಳ ಹೆಸರಿರುತ್ತದೆ. ಮೊದಲು ಅವಳ ಕಿವಿಯನ್ನು ನಾನು ಪರೀಕ್ಷಿಸಿ ನೋಡಬೇಕು, ಆಮೇಲೆ ಅವನಿಗೆ ಹೇಳುತ್ತೇನೆ” ಎಂದಳು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ನಕ್ಕರು. “ತತ್ತೀನೂ ತಿನ್ನದ ಮನಿತನ. ನೀ ಬ್ಯಾಟಿಗೆ ಹೊಂಟಿಯೇನ?” ಅವ್ವ ನಗಲಿಲ್ಲ. “ಕೊಲ್ಲೂದು ಆಕಿ ಕೆಲಸ. ಗುರ್ತ ಹಿಡಿಯೂದು ನಂದು.”

ಕಾಡಂಚಿನ ಅಟ್ಟಣೆ ನಾಲ್ಕು ಕಂಬದ ಮೇಲಿನ ಹಲಗೆಯ ಗೂಡು. ಇಬ್ಬರು ಕೂರುವ ಜಾಗದಲ್ಲಿ ಮೂವರು, ನಡುವೆ ನಾನು. ಮೊದಲ ಸಂಜೆ ಗಾಳಿ ತಿರುಗಿ ನಮ್ಮ ವಾಸನೆ ಹೊತ್ತುಕೊಂಡು ಹೋಯಿತು, ಒಂದೂ ಹೊರಬರಲಿಲ್ಲ. ಎರಡನೆಯ ಸಂಜೆ ಅಣಬೆ ಆರಿಸುವವರ ನಾಯಿ ಬೊಗಳಿ ಎಲ್ಲ ಕೆಡಿಸಿತು. ಕಾಲು ಜೋಮು ಹಿಡಿಯುತ್ತಿತ್ತು, ಮೂಗು ಸೋರುತ್ತಿತ್ತು, ಒರೆಸಲು ಕೈಯೆತ್ತುವಂತಿರಲಿಲ್ಲ. “ಏನಂದ್ಲು ಕೇಳ” ಎಂದು ಅವ್ವ ಈ ಕಿವಿಗೆ, “ಏನಂತಾಳೆ ಹೇಳು” ಎಂದು ಮುದುಕಿ ಆ ಕಿವಿಗೆ. “ಅವ್ವಾ, ಉಚ್ಚಿ ಬಂದೈತಿ” ಎಂದರೆ, “ತಡಿ, ಈಗ ಬ್ಯಾಡ.” ಅದೊಂದನ್ನು ಯಾರೂ ಯಾರಿಗೂ ತಿರುಗಿಸಿ ಹೇಳಲಿಲ್ಲ. ಮೂರನೆಯ ದಿನ ಬರುವುದಿಲ್ಲವೆಂದು ಅತ್ತೆ. ಅವ್ವ ನನ್ನ ಕೋಟಿನ ಗುಂಡಿಗಳನ್ನು ತಾನೇ ಹಾಕಿ, ರಟ್ಟೆ ಹಿಡಿದು ಕಾರಿಗೆ ಹತ್ತಿಸಿದಳು.

ಆ ಸಂಜೆ ಅದು ಬಂತು. ಬರ್ಚ್ ಮರಗಳ ನಡುವೆ ಮಂಜು ಇಳಿದಿತ್ತು. ಕಂಡದ್ದು ಕಪ್ಪು ಕತ್ತು ಮತ್ತು ಬೆನ್ನು ಮಾತ್ರ. ಕೊಂಬುಗಳು ಕೊಂಬೆಗಳಲ್ಲಿ ಕಲೆತುಹೋಗಿದ್ದವು. ಅದು ಗುಟುರು ಹಾಕಿದಾಗ ಕೂತ ಹಲಗೆಯೇ ನಡುಗಿದಂತಾಯಿತು. ಅವ್ವ ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿದಳು. “ಇದ ಮುದುಕ. ಖರೇನ ಇದ. ಹೇಳ ಆಕಿಗೆ.” ಫ್ರಾವ್ ವೈಡ್ನರ್ ಬಂದೂಕಿನಿಂದ ಕಣ್ಣು ತೆಗೆಯದೆ, “ಏನಂತಾಳೆ?” ಎಂದಳು. ನಾನು ಅವಳ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದೆ: “ಅವಳಿಗೆ ಗೊತ್ತಿಲ್ಲವಂತೆ.”

ಬಂದೂಕು ಮೆಲ್ಲನೆ ಕೆಳಗಿಳಿಯಿತು. ಜಿಂಕೆ ಇನ್ನೊಮ್ಮೆ ಕೂಗಿ ಮಂಜಿನೊಳಗೆ ಹೋಯಿತು. ಜಿಂಕೆಯ ಮೇಲಿನ ಕರುಣೆಯಿಂದ ಹಾಗೆ ಹೇಳಿದೆ ಎಂದು ಬಹಳ ವರ್ಷ ನನ್ನನ್ನು ನಾನು ನಂಬಿಸಿಕೊಂಡಿದ್ದೆ. ಕರುಣೆಯೇನೂ ಅಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. “ಯಾಕ ಹೊಡೀಲಿಲ್ಲ?” ಎಂದು ಅವ್ವ ಕೇಳಿದಳು. “ಬೆಳಕು ಸಾಲಲಿಲ್ಲಂತ” ಎಂದೆ. ಏಣಿ ಇಳಿಯುವಾಗ ಫ್ರಾವ್ ವೈಡ್ನರ್, “ಪುಸ್ತಕದಲ್ಲಿ ಕಾಡು ಸಿಗುವುದಿಲ್ಲ, ಪಾಪ” ಎಂದಳು. “ಏನಂದ್ಲು?” “ಥ್ಯಾಂಕ್ಸ್ ಅಂದ್ಲು.”

ಮರುದಿನ ಅವ್ವ ಐದು ಗಂಟೆಗೇ ಸ್ವೆಟರ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಳು. ಕೆಳಗೆ ಮುದುಕಿಯ ಕಾರು ಹೊರಟ ಸದ್ದಾಯಿತು. ಅದರ ಮರುದಿನವೂ ಕೂತಳು. ನಾಲ್ಕನೆಯ ದಿನ ಸ್ವೆಟರನ್ನು ಒಗೆದು ಹಾಕಿದಳು. ಅರಣ್ಯಾಧಿಕಾರಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ಹಂಗಾಮಿನಲ್ಲಿ ಮುದುಕಿಗೆ ಏನೂ ಸಿಗಲಿಲ್ಲ; ಚಳಿಗಾಲದಲ್ಲಿ ಪರವಾನಗಿ ಮರಳಿಸಿ, ಬಂದೂಕನ್ನು ಅಳಿಯನಿಗೆ ಕೊಟ್ಟುಬಿಟ್ಟಳು. ಮುಂದಿನ ವರ್ಷ ಅಪ್ಪನ ಹೊಸ ಕೆಲಸಕ್ಕೆಂದು ನಾವು ಅಬ್‌ಸ್ಟಾಟ್‌ಗೆ ಹೋದೆವು. ಅನುಮತಿ ಸಿಕ್ಕಾಗ ಅವ್ವ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸಕ್ಕೆ ಸೇರಿದಳು, ನಿವೃತ್ತಿಯವರೆಗೂ ಅದನ್ನೇ ಮಾಡಿದಳು. ಫ್ರಾವ್ ವೈಡ್ನರ್ ತೀರಿಕೊಂಡಳೆಂದು ಯಾರಿಂದಲೋ ತಿಳಿಯಿತು. ಆ ಮನೆಯನ್ನು ಕೆಡವಿ ಈಗ ಅಲ್ಲಿ ಮೂರು ಮನೆ ಕಟ್ಟಿದ್ದಾರೆ.

ಅಂಗಡಿಯಿಂದ ಬಂದ ದಿನವೇ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ, ಇಲ್ಲವೆ ಸಣ್ಣವಳಿದ್ದೆ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

“ಅಂದ್ರ ನನಗ ಗೊತ್ತಿಲ್ಲ ಅಂತ ತಿಳ್ಕೊಂಡ ಸತ್ಳೇನ ಆಕಿ?”

“ಹೂಂ ಅವ್ವಾ.”

“ನನಗ ಗೊತ್ತಿತ್ತಲ್ಲ” ಎಂದಳು. ಆಮೇಲೆ, “ಕೇಳ ಇಲ್ಲೆ. ಹುಡುಗ ಹಿಂಗ ಕೂಗತಿತ್ತು” ಎಂದು ಫೋನಿನಲ್ಲೇ ಒಂದು ಗುಟುರು ಹಾಕಿದಳು. “ಮುದುಕಂದು ಹಿಂಗ.” ಇನ್ನೊಂದು ಗುಟುರು ಹಾಕುವಾಗ ಅವಳ ಉಸಿರು ಸಾಲಲಿಲ್ಲ, ಸುಧಾರಿಸಿಕೊಂಡು ಮೊದಲಿನಿಂದ ಹಾಕಿದಳು. ನನಗೆ ಎರಡರಲ್ಲಿ ಏನೂ ವ್ಯತ್ಯಾಸ ಕೇಳಿಸಲಿಲ್ಲ.

“ತಿಳೀತೇನ?” ಎಂದಳು.

ತಿಳಿಯಿತು ಎಂದೆ.